ನಾಲ್ಕು ವರ್ಷ ಅಂದಿದ್ದರು, ಏಳೂವರೆ ಆಗುತ್ತದೆ: ನಮ್ಮ ಮನೆಯ ಸೋಲಾರ್ ಲೆಕ್ಕ

ನಮ್ಮ ಮನೆ ಸುರತ್ಕಲ್‌ನಲ್ಲಿ. ಸಮುದ್ರಕ್ಕೆ ಒಂದು ಕಿಲೋಮೀಟರೂ ಇಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ, ಮುಂದೆ ಬೋಲ್ಟಿನ ಕತೆ ಬರುತ್ತದೆ.

2024ರ ಶುರುವಿನಲ್ಲಿ ನಮಗೆ ತಿಂಗಳಿಗೆ ಹತ್ತಿರ ಹತ್ತಿರ 3,000 ರೂಪಾಯಿ ಕರೆಂಟ್ ಬಿಲ್ ಬರುತ್ತಿತ್ತು. ಎರಡು ಎಸಿ, ಬಾವಿಯ ಪಂಪು, ಅಮ್ಮನ ಗ್ರೈಂಡರ್ ಎಲ್ಲ ಸೇರಿ 350 ಯೂನಿಟ್ ಆಗುತ್ತಿತ್ತು. 200 ಯೂನಿಟ್ ದಾಟಿದರೆ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಆ ಫೆಬ್ರವರಿಯಲ್ಲೇ ಮನೆಯ ಮಾಡಿಗೆ ಸೋಲಾರ್ ಹಾಕಿಸಲು ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ ಬಂತು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿದರೂ ಸಬ್ಸಿಡಿ ಅಷ್ಟೇ. ಹಾಗಾಗಿ ಮೂರಕ್ಕೇ ನಿಂತೆ.

ಕೊಟೇಶನ್ ಕೊಡಲು ಬಂದ ಹುಡುಗ ಜಗಲಿಯಲ್ಲಿ ಕೂತು ಕಾಗದದ ಹಿಂಬದಿಯಲ್ಲಿ ಲೆಕ್ಕ ಬರೆದ. ಮೂರು ಕಿಲೋವ್ಯಾಟ್‌ಗೆ ದಿನಕ್ಕೆ 12 ಯೂನಿಟ್. ವರ್ಷಕ್ಕೆ 4,380. ಯೂನಿಟ್‌ಗೆ 7 ರೂಪಾಯಿಯಂತೆ 30,660. "ಸರ್, ನಾಲ್ಕೇ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಆಮೇಲೆ ಇಪ್ಪತ್ತೊಂದು ವರ್ಷ ಫ್ರೀ ಕರೆಂಟ್" ಅಂದ. ಗುಣಾಕಾರದಲ್ಲಿ ಏನೂ ತಪ್ಪಿಲ್ಲ. ಆದರೆ ಆ ಕಾಗದದಲ್ಲಿ ಮಳೆಗಾಲವೇ ಇರಲಿಲ್ಲ!

ನಾನು ಗಡಿಬಿಡಿ ಮಾಡಲಿಲ್ಲ. ಮಳೆ ಮುಗಿಯಲಿ ಅಂತ ಕಾದೆ. ಅಷ್ಟರಲ್ಲಿ ಇನ್ನೊಂದು ಆಯಿತು. 2024ರ ಏಪ್ರಿಲ್‌ನಿಂದ ನಮ್ಮಂಥ ಮನೆಗಳ ದರ 7 ರೂಪಾಯಿಯಿಂದ 5.90ಕ್ಕೆ ಇಳಿಯಿತು. ಬಿಲ್ ಕಡಿಮೆಯಾದರೆ ಯಾರಿಗೆ ಬೇಸರ? ನನಗೆ ಸ್ವಲ್ಪ ಆಯಿತು. ಯೂನಿಟ್ ದರ ಇಳಿದಷ್ಟೂ ಸೋಲಾರ್ ಉಳಿಸುವ ಹಣ ಕಡಿಮೆ ಅಲ್ವಾ? ಮರುವರ್ಷ ಅದು 5.80 ಆಯಿತು. ಆದರೆ ವಿದ್ಯುತ್ ನೌಕರರ ಪಿಂಚಣಿ ಬಾಬ್ತು ಅಂತ ಯೂನಿಟ್‌ಗೆ 36 ಪೈಸೆ ಸೇರಿತು, ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145ಕ್ಕೆ ಏರಿತು. ಈ ನಿಗದಿತ ಶುಲ್ಕವನ್ನು ಸೋಲಾರ್ ಮುಟ್ಟುವುದಿಲ್ಲ. ಮಾಡಿನ ಮೇಲೆ ಎಷ್ಟೇ ಪ್ಯಾನೆಲ್ ಇದ್ದರೂ ಅದು ಕಟ್ಟಲೇಬೇಕು. "ಬಿಲ್ ಸೊನ್ನೆ" ಅನ್ನುವವರು ಇದನ್ನು ಹೇಳುವುದಿಲ್ಲ.

2024ರ ನವೆಂಬರ್‌ನಲ್ಲಿ ಆರು ಪ್ಯಾನೆಲ್ ಕೂರಿಸಿದೆವು. ಒಟ್ಟು ಖರ್ಚು 2,10,000. ಅರ್ಜಿ, ಮೆಸ್ಕಾಂ ತಪಾಸಣೆ, ಎರಡೂ ಕಡೆ ಓಡುವ ಮೀಟರ್, ಎಲ್ಲ ಒಂದೂವರೆ ತಿಂಗಳಲ್ಲಿ ಮುಗಿಯಿತು. ಸಬ್ಸಿಡಿಯೂ ಬ್ಯಾಂಕಿಗೆ ಬಂತು. ಕೈಯಿಂದ ಹೋದದ್ದು 1,32,000.

ಗೋದ್ರೇಜಿನ ಒಳಗೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಿಂಗಳ ಕೊನೆಗೆ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆಯ ಕರೆಂಟ್ ಆಗಿ ಬದಲಿಸುವ ಪೆಟ್ಟಿಗೆ) ನೋಡಿ ಯೂನಿಟ್ ಬರೆಯುತ್ತೇನೆ. 2025ರ ಮಾರ್ಚ್‌ನಲ್ಲಿ 390. ಮೇಯಲ್ಲಿ 290, ಯಾಕೆಂದರೆ ಆ ವರ್ಷ ಮಳೆ ಮೇ ತಿಂಗಳಲ್ಲೇ ಸುರಿಯಲು ಶುರುವಾಯಿತು. ಜುಲೈನಲ್ಲಿ ಬರೀ 165. ಒಂದು ದಿನವಂತೂ ಬೆಳಗ್ಗಿನಿಂದ ಸಂಜೆವರೆಗೆ ಎರಡು ಯೂನಿಟ್ ಸಹ ಬರಲಿಲ್ಲ. ಇಡೀ ವರ್ಷಕ್ಕೆ ಕೂಡಿದರೆ 3,540. ಹುಡುಗ ಹೇಳಿದ್ದಕ್ಕಿಂತ 840 ಕಡಿಮೆ. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ ಆರೂವರೆ ರೂಪಾಯಿ ಅಂತ ಹಿಡಿದರೆ ಉಳಿದದ್ದು 23,000.

ಇನ್ನು ಬೋಲ್ಟು. ಮೊದಲ ಮಳೆಗಾಲ ಕಳೆದ ಮೇಲೆ ಮೇಲೆ ಹತ್ತಿ ನೋಡಿದರೆ ಕ್ಲಾಂಪ್‌ಗಳ ಕೆಳಗೆ ಕಂದು ಬಣ್ಣದ ನೀರಿನ ಗೆರೆಗಳು. ಬೆರಳಲ್ಲಿ ಒರೆಸಿದೆ, ತುಕ್ಕು. ಸ್ಟ್ಯಾಂಡ್ ಒಳ್ಳೆಯದೇ ಹಾಕಿದ್ದರು, ಬೋಲ್ಟ್ ಮಾತ್ರ ಸಾಧಾರಣದ್ದು. ಉಪ್ಪು ಗಾಳಿಗೆ ಅದು ಎಷ್ಟು ದಿನ ತಡೆದೀತು? ಫೋನ್ ಮಾಡಿದರೆ "ಅದು ವಾರಂಟಿಯಲ್ಲಿ ಬರುವುದಿಲ್ಲ" ಅಂದರು. ನಾನೇ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ತಂದು ಹಾಕಿಸಿದೆ. 3,500 ಹೋಯಿತು. ಕಡಲ ಹತ್ತಿರ ಇರುವವರು ಬೋಲ್ಟ್ ಯಾವುದು ಅಂತ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ತೆಂಗಿನ ಮರದ ವಿಷಯ ಇದಕ್ಕಿಂತ ದೊಡ್ಡ ಜಗಳ. ಮನೆಯ ಪಡುವಣಕ್ಕೆ ಒಂದು ಮರ ಇದೆ. ಮಧ್ಯಾಹ್ನ ಮೂರೂವರೆ ಆದರೆ ಅದರ ನೆರಳು ಎರಡು ಪ್ಯಾನೆಲ್ ಮೇಲೆ ಬೀಳುತ್ತದೆ. ಎಲ್ಲ ಪ್ಯಾನೆಲ್ ಸಾಲಾಗಿ ಒಂದೇ ತಂತಿಯಲ್ಲಿ ಇರುವುದರಿಂದ ಎರಡಕ್ಕೆ ನೆರಳಾದರೂ ಒಟ್ಟು ಕರೆಂಟ್ ಇಳಿಯುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ದಿನಕ್ಕೆ ಒಂದು ಯೂನಿಟ್ ನಷ್ಟ ಅಂತ ಅಂದಾಜು ಮಾಡಿ, ಮರ ಕಡಿಸುವ ಮಾತು ತೆಗೆದೆ.

"ನಿನಗೆ ಎಂತ ಮರ್ಲಾ ಮಾರಾಯ? ಕಾಯಿಗೆ ಈಗ ರೇಟ್ ಎಷ್ಟು ಗೊತ್ತುಂಟಾ?" ಅಂದರು ಅಮ್ಮ.

ಗೊತ್ತಿತ್ತು. 2025ರಲ್ಲಿ ತೆಂಗಿನಕಾಯಿ ಕಿಲೋಗೆ 60 ರೂಪಾಯಿ ದಾಟಿತ್ತು. ಸುಮ್ನೆ ನೋಟ್‌ಬುಕ್ ತೆಗೆದು ಬರೆದೆ. ನೆರಳಿನಿಂದ ನಷ್ಟ ವರ್ಷಕ್ಕೆ ಸುಮಾರು 1,500. ಆ ಮರ ಕೊಡುವ 80 ಕಾಯಿ, ಅರ್ಧ ಕಿಲೋ ಅಂತ ಹಿಡಿದರೂ 40 ಕಿಲೋ, 2,400 ರೂಪಾಯಿ. ಮರ ಉಳಿಯಿತು. ಕೆಳಗಿನ ಒಣ ಮಡಲು ಮಾತ್ರ ತೆಗೆಸುತ್ತೇನೆ.

ಅಮ್ಮನದ್ದು ಇನ್ನೊಂದು ದೂರು ಇದೆ. "ಇಷ್ಟು ದುಡ್ಡು ಹಾಕಿ ಕರೆಂಟ್ ಹೋದಾಗ ಫ್ಯಾನೂ ತಿರುಗುವುದಿಲ್ಲ." ನಿಜ. ಬ್ಯಾಟರಿ ಇಲ್ಲದ ಈ ವ್ಯವಸ್ಥೆ ಲೈನ್‌ನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿದ್ದಾರೆ. ಮಳೆಗಾಲಕ್ಕೆ ಹಳೇ ಯುಪಿಎಸ್ ಇಟ್ಟುಕೊಂಡಿದ್ದೇವೆ.

ಈಗ ಮುಖ್ಯ ಲೆಕ್ಕ. 1,32,000ವನ್ನು 23,000ದಿಂದ ಭಾಗಿಸಿದರೆ ಐದೂ ಮುಕ್ಕಾಲು ವರ್ಷ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನಾನು ಹಾಕಿದ್ದು ಎಫ್‌ಡಿ ಮುರಿದ ದುಡ್ಡು. ಅಲ್ಲೇ ಇದ್ದಿದ್ದರೆ 7 ಪರ್ಸೆಂಟ್ ಬಡ್ಡಿ ಬರುತ್ತಿತ್ತು. ಆ ಬಡ್ಡಿಯನ್ನೂ ಸೇರಿಸಿ ವರ್ಷ ವರ್ಷ ಕಳೆಯುತ್ತ ಹೋದರೆ ಅಸಲು ತೀರಲು ಏಳೂವರೆ ವರ್ಷ ಬೇಕು. ಪ್ಯಾನೆಲ್‌ಗೆ 25 ವರ್ಷ ವಾರಂಟಿ ಇದೆ, ವರ್ಷಕ್ಕೆ ಅರ್ಧ ಪರ್ಸೆಂಟ್‌ನಷ್ಟು ಬಲ ಇಳಿಯುತ್ತದೆ ಅಷ್ಟೆ. ಹಾಗಾಗಿ ನನಗೆ ಇದು ಈಗಲೂ ಒಳ್ಳೆಯ ವ್ಯವಹಾರವೇ. ನಾಲ್ಕು ವರ್ಷದ ಆಸೆಯಿಂದ ಹಾಕಿದ್ದರೆ ಮಾತ್ರ ಹೊಟ್ಟೆ ಉರಿಯುತ್ತಿತ್ತು.

ಕಳೆದ ತಿಂಗಳು ಪಕ್ಕದ ಮನೆಯವರು ಬಂದು "ನಾವೂ ಹಾಕುವುದಾ?" ಅಂತ ಕೇಳಿದರು. ಬಿಲ್ ತರಿಸಿ ನೋಡಿದೆ. ಗಂಡ ಹೆಂಡತಿ ಇಬ್ಬರೇ, 110 ಯೂನಿಟ್, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಉಳಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಹೆಚ್ಚಾದ ಕರೆಂಟ್ ಮಾರಬಹುದು ನಿಜ, ಆದರೆ ನಾವು ಕೊಡುವಾಗಿನ ದರ ಕೊಳ್ಳುವಾಗಿನ ದರಕ್ಕಿಂತ ತುಂಬ ಕಡಿಮೆ. ಸದ್ಯಕ್ಕೆ ಬೇಡ ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು, ನಾನು ಮಾತ್ರ ಹಾಕಿಸಿಕೊಂಡು ಅವರಿಗೆ ಬೇಡ ಅಂತೇನೆ ಅಂತ ಅನಿಸಿರಬೇಕು.

ಏಳೂವರೆ ವರ್ಷದ ಲೆಕ್ಕದಲ್ಲಿ ಇನ್ವರ್ಟರ್ ಇಲ್ಲ. ಹತ್ತು ಹನ್ನೆರಡು ವರ್ಷಕ್ಕೆ ಅದನ್ನು ಬದಲಿಸಬೇಕಾಗುತ್ತದೆ, ದೊಡ್ಡ ಖರ್ಚು. ಉಳಿಯುವ ದುಡ್ಡಿನಲ್ಲೇ ತಿಂಗಳಿಗೆ 300 ರೂಪಾಯಿಯ ಒಂದು ಆರ್‌ಡಿ ಶುರು ಮಾಡಿದ್ದೇನೆ. ಪಾಸ್‌ಬುಕ್ ಅದೇ ನೋಟ್‌ಬುಕ್ಕಿನ ಒಳಗಿದೆ.