ಯಾವ ಟ್ರಿಪೋಲಿ? ಬಿಎಲ್ ಡ್ರಾಫ್ಟ್ ಓಕೆ ಮಾಡುವ ಮುಂಚೆ

ಆರ್ಡರ್‌ನಲ್ಲಿ ಬರೀ 'ಟ್ರಿಪೋಲಿ' ಅಂತ ಇದ್ದರೆ ಕೂಡಲೇ ಬಿಎಲ್‌ಗೆ, ಅಂದರೆ ಹಡಗು ಕಂಪನಿ ಸರಕಿಗೆ ಕೊಡುವ ಬಿಲ್ ಆಫ್ ಲೇಡಿಂಗ್ ಎಂಬ ರಸೀದಿಗೆ, ವಿವರ ಟೈಪ್ ಮಾಡಲು ಕೂರಬೇಡಿ. ಮೆಡಿಟರೇನಿಯನ್ ಸಮುದ್ರದಲ್ಲಿ ಆ ಹೆಸರಿನ ಬಂದರು ಎರಡಿವೆ. ಒಂದು ದಕ್ಷಿಣ ದಡದ ಲಿಬಿಯಾದಲ್ಲಿ, ಇನ್ನೊಂದು ಪೂರ್ವ ದಡದ ಲೆಬನಾನ್‌ನಲ್ಲಿ.

ಮಂಗಳೂರಿನಲ್ಲಿ ಕಾಫಿ ರಫ್ತಿನ ಕಾಗದಪತ್ರ ನೋಡುವ ಕೆಲಸ ನನ್ನದು. ನಮ್ಮ ಕಾಫಿ ಲಿಬಿಯಾಕ್ಕೆ ಚೆನ್ನಾಗಿ ಹೋಗುತ್ತದೆ. ಹಾಗಾಗಿ ನನ್ನ ತಲೆಯಲ್ಲಿ ಟ್ರಿಪೋಲಿ ಅಂದರೆ ಲಿಬಿಯಾ. ಒಮ್ಮೆ ಹಡಗು ಕಂಪನಿಗೆ ಕಳಿಸುವ ಶಿಪ್ಪಿಂಗ್ ಇನ್‌ಸ್ಟ್ರಕ್ಷನ್‌ನಲ್ಲಿ ದೇಶದ ಹೆಸರು ಬಿಟ್ಟುಹೋಯಿತು. ಸಂಜೆ ಅವರಿಂದ ಬಂದ ಬಿಎಲ್ ಡ್ರಾಫ್ಟ್‌ನಲ್ಲಿ ಚೀಲದ ಲೆಕ್ಕ, ತೂಕ, ಸೀಲ್ ನಂಬರ್ ಎಲ್ಲ ಸರಿ. ಸರಕು ಇಳಿಯುವ ಬಂದರಿನ ಎದುರು ಮಾತ್ರ 'ಟ್ರಿಪೋಲಿ, ಲೆಬನಾನ್'. ಪುಣ್ಯಕ್ಕೆ ಹಡಗು ಇನ್ನೂ ಹೊರಟಿರಲಿಲ್ಲ.

ಮೊದಲು ಐದಕ್ಷರದ ಬಂದರು ಕೋಡ್ ಕೇಳಿ. ಲಿಬಿಯಾದ್ದು ಎಲ್‌ವೈಟಿಐಪಿ, ಲೆಬನಾನ್‌ದು ಎಲ್‌ಬಿಕೆವೈಇ. ಮೊದಲ ಎರಡಕ್ಷರವೇ ದೇಶ. ಆಮೇಲೆ ಖರೀದಿದಾರರ ಹತ್ತಿರ ಅರಬ್ಬಿ ಹೆಸರು ಕೇಳಿ. ಲಿಬಿಯಾದ್ದು 'ತರಾಬುಲಸ್ ಅಲ್-ಗರ್ಬ್', ಅಂದರೆ ಪಡುವಣ ಟ್ರಿಪೋಲಿ. ಲೆಬನಾನ್‌ದು 'ತರಾಬುಲಸ್ ಅಲ್-ಶಾಮ್', ಸಿರಿಯಾ ಸೀಮೆಯ ಟ್ರಿಪೋಲಿ. ಎರಡೂ ಒಟ್ಟೋಮನ್ ಸುಲ್ತಾನರ ಕೈಯಲ್ಲಿದ್ದವು. ಒಬ್ಬನೇ ದೊರೆಗೆ ಎರಡು ಟ್ರಿಪೋಲಿ ಇದ್ದರೆ ಗುರುತು ಬೇಕೇ ಬೇಕಲ್ವಾ?

ಹೆಸರು ಗ್ರೀಕರದು. ಅರ್ಥ 'ಮೂರು ಊರು'. ನಮ್ಮ ಕುಮಟಾ ಹತ್ತಿರವೂ ಒಂದು ಮೂರೂರು ಇದೆ. ಲೆಬನಾನ್‌ದು ಟೈರ್, ಸಿಡಾನ್, ಅರ್ವಾದ್ ಎಂಬ ಫಿನೀಷಿಯನ್ ಊರುಗಳ ಜನ ಸೇರಿ ಕಟ್ಟಿಕೊಂಡ ನೆಲೆ. ಲಿಬಿಯಾ ಕಡೆಯ ಮೂರು ಊರು ಓಯಾ, ಸಬ್ರಾತಾ, ಲೆಪ್ಟಿಸ್ ಮ್ಯಾಗ್ನಾ. ಇವತ್ತಿನ ಟ್ರಿಪೋಲಿ ನಿಂತಿರುವುದು ಓಯಾದ ಮೇಲೆ.

ಖರೀದಿದಾರರ ವಿಳಾಸ ನೋಡಿ ಬಂದರು ಊಹಿಸಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ. 2020ರ ಆಗಸ್ಟ್ 4ರಂದು ಲೆಬನಾನ್‌ನ ಬೈರೂತ್ ಬಂದರು ಸ್ಫೋಟದಲ್ಲಿ ಹಾಳಾದಾಗ ಅಲ್ಲಿಗೆ ಹೋಗಬೇಕಿದ್ದ ಹಡಗುಗಳು ಅದೇ ದೇಶದ ಟ್ರಿಪೋಲಿ ಕಡೆ ತಿರುಗಿದವು. ಬೈರೂತ್‌ನ ವ್ಯಾಪಾರಿಯೂ ಟ್ರಿಪೋಲಿ ಕೇಳಬಹುದು. ಲಿಬಿಯಾ ಎಣ್ಣೆ ಮಾರಿದ ದುಡ್ಡಿನಲ್ಲಿ ಬೇಕಾದ್ದನ್ನು ಹೊರಗಿನಿಂದ ತರಿಸುವ ದೇಶ. ಅಲ್ಲಿ ಮಿಸ್ರಾತಾ, ಬೆಂಗಾಜಿ ಬಂದರುಗಳೂ ಇವೆ. ಟ್ರಿಪೋಲಿಯ ಅಂಗಡಿಯವರು ಮಿಸ್ರಾತಾದಲ್ಲಿ ಸರಕು ಇಳಿಸಿಕೊಳ್ಳಬಹುದು.

ಆರ್ಡರ್‌ನಲ್ಲಿ ಬರೀ 'ಕಾರ್ಟಜೀನಾ' ಅಂತ ಇದ್ದರೂ ಹೀಗೇ ಮಾಡಿ. ಸ್ಪೇನ್‌ದು ಇಎಸ್‌ಸಿಎಆರ್, ಕೊಲಂಬಿಯಾದ್ದು ಸಿಒಸಿಟಿಜಿ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಎಲ್ ಮೂರನ್ನೂ ಪಕ್ಕಪಕ್ಕ ಇಟ್ಟು ಆ ಒಂದು ಸಾಲನ್ನು ಗಟ್ಟಿಯಾಗಿ ಓದಿ. ಆಮೇಲೆ ಓಕೆ ಕಳಿಸಿ.