ಬ್ರಿಟನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುಂಚೆ ಎಂಒಟಿ ಹಿಸ್ಟರಿ ಓದುವುದು ಹೇಗೆ

ಇಂಗ್ಲೆಂಡಿಗೋ ಸ್ಕಾಟ್ಲೆಂಡಿಗೋ ಕೆಲಸಕ್ಕೆ ಬಂದು ಒಂದೆರಡು ಚಳಿಗಾಲ ಬಸ್ಸಿಗೆ ಕಾದ ಮೇಲೆ ಸಾಮಾನ್ಯವಾಗಿ ಎಲ್ಲರೂ ಹಳೆ ಕಾರು ಹುಡುಕಲು ಶುರು ಮಾಡುತ್ತಾರೆ. ಮೊದಲು ನೋಡುವುದು ಬಣ್ಣ, ವಯಸ್ಸು, ಬೆಲೆ. ಜಾಹೀರಾತಿನಲ್ಲಿ ‘ಹನ್ನೆರಡು ತಿಂಗಳ ಎಂಒಟಿ ಇದೆ’ ಅಂತ ಬರೆದಿದ್ದರೆ ಅರ್ಧ ಮನಸ್ಸು ಅಲ್ಲೇ ಒಪ್ಪಿಬಿಡುತ್ತದೆ. ಎಂಒಟಿ ಅಂದರೆ ಇಲ್ಲಿ ಕಾರಿಗೆ ವರ್ಷಕ್ಕೊಮ್ಮೆ ಕಾನೂನು ಪ್ರಕಾರ ಮಾಡಿಸಬೇಕಾದ ತಪಾಸಣೆ. ಆದರೆ ಅದರಲ್ಲಿ ಪಾಸ್ ಅಂದರೆ ಟೆಸ್ಟ್ ಮಾಡಿದ ದಿನ ಆ ಕಾರು ಕಾನೂನು ಕೇಳುವ ಕನಿಷ್ಠ ಮಟ್ಟದಲ್ಲಿತ್ತು ಅಂತ, ಅಷ್ಟೇ. ಮಾರನೇ ದಿನದ ಗ್ಯಾರಂಟಿ ಅದರಲ್ಲಿಲ್ಲ. ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಈ ವರ್ಷದ ಸರ್ಟಿಫಿಕೇಟ್‌ಗಿಂತ ಹಿಂದಿನ ಐದಾರು ವರ್ಷದ ಟೆಸ್ಟ್‌ಗಳಲ್ಲಿ ಏನೇನು ಬರೆದಿದ್ದಾರೆ ಅನ್ನುವುದು.

ಇದನ್ನು ನೋಡಲು ನಂಬರ್ ಪ್ಲೇಟ್ ಗೊತ್ತಿದ್ದರೆ ಸಾಕು. ಸರ್ಕಾರದ ಗವ್ ಡಾಟ್ ಯುಕೆ ಸೈಟಿನಲ್ಲಿ ಎಂಒಟಿ ಹಿಸ್ಟರಿ ನೋಡುವ ಪುಟ ಇದೆ. ದುಡ್ಡಿಲ್ಲ, ಲಾಗಿನ್ ಇಲ್ಲ, ಮಾರುವವರ ಒಪ್ಪಿಗೆಯೂ ಬೇಡ. ನಂಬರ್ ಹಾಕಿದರೆ 2005ರಿಂದ ಈಚೆಗೆ ಆದ ಟೆಸ್ಟ್‌ಗಳು ಸಾಲಾಗಿ ಬರುತ್ತವೆ. ನಾರ್ದರ್ನ್ ಐರ್ಲೆಂಡಿನಲ್ಲಿ ಆದ ಟೆಸ್ಟ್ ಆದರೆ 2017ರಿಂದ. ಪ್ರತಿ ಟೆಸ್ಟಿಗೂ ತಾರೀಖು, ಪಾಸೋ ಫೇಲೋ, ಆವತ್ತು ಎಷ್ಟು ಮೈಲಿ ಓಡಿತ್ತು, ಏನು ದೋಷ ಕಂಡಿತ್ತು, ಎಲ್ಲಾ ಇರುತ್ತದೆ. ಫೋಟೋದಲ್ಲಿ ನಂಬರ್ ಮುಚ್ಚಿದ್ದರೆ ಗಾಬರಿ ಬೇಡ, ತುಂಬಾ ಡೀಲರ್‌ಗಳು ಹಾಗೇ ಮಾಡುತ್ತಾರೆ. ಕೇಳಿದ ಮೇಲೂ ಕೊಡದಿದ್ದರೆ ಆ ಕಾರು ಬಿಟ್ಟುಬಿಡಿ, ಬೇರೆ ನೂರು ಕಾರು ಇವೆ.

ಒಂದು ಮಾತು ಮೊದಲೇ ಹೇಳಬೇಕು. ಕಾರಿಗೆ ಮೂರು ವರ್ಷ ತುಂಬಿದ ಮೇಲೇ ಮೊದಲ ಎಂಒಟಿ, ನಾರ್ದರ್ನ್ ಐರ್ಲೆಂಡಿನಲ್ಲಿ ನಾಲ್ಕು. ಹಾಗಾಗಿ ಎರಡು ವರ್ಷದ ಕಾರಿಗೆ ಹಿಸ್ಟರಿ ಅಂತ ಏನೂ ಇರುವುದಿಲ್ಲ. ಅಂಥ ಕಾರಿಗೆ ಸರ್ವಿಸ್ ದಾಖಲೆಯೇ ಗತಿ.

ಮೊದಲು ಮೈಲೇಜ್, ಅಂದರೆ ಕಾರು ಒಟ್ಟು ಎಷ್ಟು ಮೈಲಿ ಓಡಿದೆ ಅನ್ನುವುದನ್ನು ಓದಿ. ಕೆಳಗಿಂದ ಮೇಲಕ್ಕೆ, ಅಂದರೆ ಹಳೆಯದರಿಂದ ಹೊಸದಕ್ಕೆ. ವರ್ಷ ವರ್ಷ ಒಂದು ಲೆಕ್ಕದಲ್ಲಿ ಏರಬೇಕು. ವರ್ಷಕ್ಕೆ ಹತ್ತು ಸಾವಿರ ಮೈಲಿ ಓಡುತ್ತಿದ್ದ ಕಾರು ಇದ್ದಕ್ಕಿದ್ದ ಹಾಗೆ ಎರಡು ಸಾವಿರಕ್ಕೆ ಇಳಿದರೆ ಕಾರಣ ಕೇಳಿ. ಮಾಲೀಕರು ಬದಲಾಗಿರಬಹುದು, ಮನೆಯಿಂದ ಕೆಲಸ ಶುರುವಾಗಿರಬಹುದು, ಮೀಟರ್ ಹಿಂದಕ್ಕೆ ತಿರುಗಿಸಿಯೂ ಇರಬಹುದು. ಹಿಂದಿನ ಸಲಕ್ಕಿಂತ ಕಮ್ಮಿ ಅಂಕಿ ಕಂಡರೆ ಮಾತ್ರ ಕಿವಿ ನೆಟ್ಟಗಾಗಬೇಕು. ಅದರಲ್ಲೂ ಆತುರ ಬೇಡ: ಟೆಸ್ಟ್ ಮಾಡಿದವರು ಒಂದು ಅಂಕಿ ತಪ್ಪಾಗಿ ಹೊಡೆದಿದ್ದರೆ ಮುಂದಿನ ವರ್ಷ ಸಂಖ್ಯೆ ಮತ್ತೆ ಸರಿದಾರಿಗೆ ಬಂದಿರುತ್ತದೆ, ಹೊರದೇಶದಿಂದ ಬಂದ ಕಾರಾದರೆ ಮೈಲಿ ಕಿಲೋಮೀಟರ್ ಗೊಂದಲವೂ ಇರುತ್ತದೆ. ಕಮ್ಮಿಯಾದ ಅಂಕಿ ಅಲ್ಲಿಂದ ಮುಂದೆ ಕಮ್ಮಿಯಲ್ಲೇ ಬೆಳೆಯುತ್ತಾ ಹೋಗಿದ್ದರೆ ಅದು ಟೈಪಿಂಗ್ ತಪ್ಪಲ್ಲ. ಇನ್ನೊಂದು, ಮೊದಲ ಎಂಒಟಿಗೆ ಮುಂಚೆಯೇ ಮೀಟರ್ ತಿರುಗಿಸಿದ್ದರೆ ಈ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಸೀಟು, ಸ್ಟಿಯರಿಂಗ್, ಪೆಡಲ್ ಎಷ್ಟು ಸವೆದಿವೆ ಅಂತ ಕಣ್ಣಾರೆ ನೋಡುವ ಕೆಲಸ ಉಳಿದೇ ಇರುತ್ತದೆ.

ಆಮೇಲೆ ತಾರೀಖುಗಳ ನಡುವಿನ ಅಂತರ. ಒಂದೂವರೆ ಎರಡು ವರ್ಷ ಟೆಸ್ಟೇ ಇಲ್ಲ ಅಂದರೆ ಕಾರು ಎಲ್ಲೋ ನಿಂತಿತ್ತು, ಅಥವಾ ಎಂಒಟಿ ಇಲ್ಲದೆ ಓಡುತ್ತಿತ್ತು. 2020ರದ್ದು ಮಾತ್ರ ಬೇರೆ ಕಥೆ. ಕೋವಿಡ್ ಸಮಯದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಮಾರ್ಚ್ 30ರಿಂದ ಜುಲೈ 31ರ ಒಳಗೆ ಎಂಒಟಿ ಮುಗಿಯಬೇಕಿದ್ದ ಕಾರುಗಳಿಗೆ ಆರು ತಿಂಗಳು ವಿನಾಯಿತಿ ಕೊಟ್ಟಿದ್ದರು. ಆ ಕಾಲದ ಹದಿನೆಂಟು ತಿಂಗಳ ಅಂತರಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಅಡ್ವೈಸರಿ. ನನ್ನ ಪ್ರಕಾರ ಇಡೀ ಪುಟದಲ್ಲಿ ಓದಲೇಬೇಕಾದ್ದು ಇದೇ, ಜನ ಓದದೇ ಬಿಡುವುದೂ ಇದನ್ನೇ. ಸದ್ಯಕ್ಕೆ ಫೇಲ್ ಮಾಡುವಷ್ಟು ಕೆಟ್ಟಿಲ್ಲ, ಆದರೆ ಕಣ್ಣಿಟ್ಟಿರಿ ಅಂತ ಟೆಸ್ಟರ್ ಬರೆಯುವ ಟಿಪ್ಪಣಿಗೆ ಅಡ್ವೈಸರಿ ಅನ್ನುತ್ತಾರೆ. ಒಂದು ವರ್ಷ ‘ಬ್ರೇಕ್ ಪ್ಯಾಡ್ ಸವೆದಿದೆ’ ಅಂತ ಬಂದು ಮುಂದಿನ ವರ್ಷ ಕಾಣೆಯಾದರೆ ಒಳ್ಳೆಯದು, ಯಾರೋ ಹಾಕಿಸಿದ್ದಾರೆ. ಅದೇ ಸಾಲು ಮೂರು ವರ್ಷ ಹಾಗೇ ಬಂದು ನಾಲ್ಕನೇ ವರ್ಷ ಫೇಲ್ ಆಗಿದ್ದರೆ, ಈ ಮಾಲೀಕರು ಫೇಲ್ ಆಗುವ ತನಕ ಏನೂ ಮಾಡಿಸುವವರಲ್ಲ ಅಂತ ಅರ್ಥ. ಕಣ್ಣಿಗೆ ಕಾಣುವ ಬ್ರೇಕನ್ನೇ ಹೀಗೆ ಬಿಟ್ಟವರು ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಯಿಸಿರುತ್ತಾರಾ?

ಎಲ್ಲಾ ಅಡ್ವೈಸರಿಯೂ ಒಂದೇ ತೂಕದ್ದಲ್ಲ. ಕಾರಿನ ಕೆಳಗೆ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ಕೆಲವು ಭಾಗ ನೋಡಲು ಆಗಲಿಲ್ಲ ಅನ್ನುವ ಸಾಲು ತುಂಬಾ ಕಾರುಗಳಿಗೆ ಇರುತ್ತದೆ. ಎಂಒಟಿಯಲ್ಲಿ ಏನನ್ನೂ ಬಿಚ್ಚಿ ನೋಡುವುದಿಲ್ಲ, ಅದಕ್ಕೆ ಹಾಗೆ ಬರೆಯುತ್ತಾರೆ. ಟೈರಿನ ಗೆರೆಗಳ ಆಳ ಕಾನೂನಿನ ಮಿತಿಯಾದ 1.6 ಮಿಲಿಮೀಟರ್ ಹತ್ತಿರ ಬಂದಿದೆ ಅಂದರೆ ಹೊಸ ಟೈರಿನ ದುಡ್ಡು ಬೆಲೆಯಲ್ಲಿ ಕಳೆಯಿರಿ. ಆದರೆ ಟೈರಿನ ಒಳಅಂಚು ಮಾತ್ರ ಸವೆದಿದೆ ಅಂತ ಎರಡು ವರ್ಷ ಬಂದಿದ್ದರೆ ಚಕ್ರಗಳ ಅಲೈನ್‌ಮೆಂಟ್ ಇಲ್ಲವೇ ಸಸ್ಪೆನ್ಷನ್ ಸಮಸ್ಯೆ ಇರುವ ಸಾಧ್ಯತೆ ಜಾಸ್ತಿ. ಅಂದ ಹಾಗೆ ನಿಯರ್‌ಸೈಡ್ ಅಂದರೆ ಫುಟ್‌ಪಾತ್ ಕಡೆಯ ಎಡಭಾಗ, ಆಫ್‌ಸೈಡ್ ಅಂದರೆ ಡ್ರೈವರ್ ಕೂರುವ ಬಲಭಾಗ.

ನಾನು ನಿಜಕ್ಕೂ ಹೆದರುವುದು ತುಕ್ಕಿಗೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಕಾರಿನ ಹೊಟ್ಟೆಯನ್ನು ಕೆಳಗಿಂದ ತಿನ್ನುತ್ತಾ ಹೋಗುತ್ತದೆ. ಸಬ್‌ಫ್ರೇಮ್ (ಎಂಜಿನ್, ಸಸ್ಪೆನ್ಷನ್ ಕೂರುವ ಚೌಕಟ್ಟು), ಸಿಲ್ (ಬಾಗಿಲ ಕೆಳಗಿನ ಅಂಚು), ಬ್ರೇಕ್ ಪೈಪ್ ಈ ಪದಗಳ ಪಕ್ಕ ‘ಕೊರೋಡೆಡ್’, ಅಂದರೆ ತುಕ್ಕು ಹಿಡಿದಿದೆ ಅಂತ ಇದ್ದರೆ ನಿಂತು ಓದಿ. ಮೊದಲ ವರ್ಷ ‘ಸ್ವಲ್ಪ’ ಅಂತ ಇರುತ್ತದೆ, ಆಮೇಲೆ ಆ ‘ಸ್ವಲ್ಪ’ ಮಾಯವಾಗುತ್ತದೆ. ಟೈರು, ಬಲ್ಬು, ಪ್ಯಾಡು ಬದಲಾಯಿಸಿದರೆ ಮುಗಿಯಿತು. ತುಕ್ಕು ವೆಲ್ಡಿಂಗ್ ಕೇಳುತ್ತದೆ, ಒಂದು ಕಡೆ ಬೆಸುಗೆ ಹಾಕಿಸಿದರೆ ಪಕ್ಕದಲ್ಲಿ ಶುರುವಾಗುತ್ತದೆ. ಹಳೆ ಕಾರಾದರೆ ಆ ಖರ್ಚು ಕಾರಿನ ಬೆಲೆಯನ್ನೇ ಮುಟ್ಟಬಹುದು.

ಫೇಲ್ ಅಂತ ಕೆಂಪಕ್ಷರ ಕಂಡ ಕೂಡಲೇ ಓಡಬೇಡಿ. ಬಲ್ಬ್ ಉರಿಯಲಿಲ್ಲ, ವೈಪರ್ ಸರಿಯಾಗಿ ಒರೆಸಲಿಲ್ಲ ಅಂತ ಫೇಲ್ ಆಗಿ ಅದೇ ದಿನ ಮಧ್ಯಾಹ್ನ ಪಾಸ್ ಆದ ಕಾರುಗಳು ಬೇಕಾದಷ್ಟಿವೆ. ಫೇಲ್ ಆಗಿ, ಕಾರಣ ಸರಿಮಾಡಿಸಿ, ಎರಡು ದಿನದಲ್ಲಿ ಪಾಸ್ ಮಾಡಿಸಿದ ಕಾರು ಒಂದು ಲೆಕ್ಕಕ್ಕೆ ಒಳ್ಳೆಯದೇ, ಕೆಲಸ ಆಗಿದೆ ಅಂತ ಗೊತ್ತಾಯಿತಲ್ವಾ. ಫೇಲ್ ಆಗಿ ಐದು ತಿಂಗಳು ಸುದ್ದಿಯಿಲ್ಲದೆ ಆಮೇಲೆ ಬೇರೆ ಯಾರೋ ಪಾಸ್ ಮಾಡಿಸಿ ಈಗ ಮಾರುತ್ತಿದ್ದಾರೆ ಅಂದರೆ ಏನೇನು ರಿಪೇರಿ ಆಯಿತು ಅಂತ ಬಿಲ್ ಕೇಳಿ.

2018ರ ಮೇ 20ರಿಂದ ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಅಂತ ವಿಂಗಡಿಸುತ್ತಾರೆ. ಮೊದಲೆರಡು ಇದ್ದರೆ ಫೇಲ್, ಮೈನರ್ ಇದ್ದರೂ ಪಾಸ್. ಡೇಂಜರಸ್ ಅಂದರೆ ರಿಪೇರಿ ಆಗುವ ತನಕ ಓಡಿಸುವ ಹಾಗೇ ಇಲ್ಲ. ಅದಕ್ಕಿಂತ ಹಳೆ ಟೆಸ್ಟ್‌ಗಳಲ್ಲಿ ಈ ಪದಗಳು ಕಾಣುವುದಿಲ್ಲ.

ಜಾಹೀರಾತು ಹಾಕುವ ವಾರವೇ ಮಾಡಿಸಿದ ಹೊಸ ಎಂಒಟಿ ಮೇಲೆ ನನಗೆ ಯಾವಾಗಲೂ ಒಂದು ಕಣ್ಣು. ಹೋದ ವರ್ಷ ಆರು ಅಡ್ವೈಸರಿ, ಈ ವರ್ಷ ಒಂದೂ ಇಲ್ಲ, ಬಿಲ್ ಕೇಳಿದರೆ ಅದೂ ಇಲ್ಲ. ಅಡ್ವೈಸರಿ ಬರೆಯುವುದರಲ್ಲಿ ಒಬ್ಬ ಟೆಸ್ಟರ್ ಧಾರಾಳ, ಇನ್ನೊಬ್ಬ ಜಿಪುಣ, ಅದೂ ಇರುತ್ತದೆ. ಟೆಸ್ಟ್ ಎಲ್ಲಿ ಆಯಿತು ಅಂತ ನೋಡಬೇಕಾದರೆ ವಿ5ಸಿ ಲಾಗ್‌ಬುಕ್‌ನ, ಅಂದರೆ ಕಾರಿನ ನೋಂದಣಿ ಪತ್ರದ, ಹನ್ನೊಂದು ಅಂಕಿಯ ನಂಬರ್ ಹಾಕಬೇಕು. ಕಾರು ನೋಡಲು ಹೋದಾಗ ಲಾಗ್‌ಬುಕ್ ಕೇಳಿ, ಅಲ್ಲೇ ನಿಂತು ಫೋನಿನಲ್ಲಿ ಹಾಕಿ ನೋಡಿ. ವರ್ಷಗಟ್ಟಲೆ ಒಂದೇ ಗ್ಯಾರೇಜಿಗೆ ಹೋಗುತ್ತಿದ್ದ ಕಾರು ಮಾರುವ ಮುಂಚೆ ಮಾತ್ರ ಎಲ್ಲೋ ದೂರದ ಊರಿಗೆ ಹೋಗಿದ್ದರೆ ಯಾಕೆ ಅಂತ ಕೇಳಲು ನಾಚಿಕೆ ಬೇಡ. ಎಂಒಟಿ ಮುಗಿಯಲು ಒಂದೆರಡು ತಿಂಗಳಷ್ಟೇ ಇದ್ದರೆ ಹೊಸದಾಗಿ ಮಾಡಿಸಿಕೊಡಿ ಅನ್ನಿ. ಕಾರಿಗೆ ಟೆಸ್ಟ್ ಫೀಸು 54.85 ಪೌಂಡ್ ದಾಟುವಂತಿಲ್ಲ. ಸಾವಿರಾರು ಪೌಂಡ್ ಕೇಳುವವರು ಅಷ್ಟಕ್ಕೆ ಒಪ್ಪದಿದ್ದರೆ ಏನೋ ಇದೆ.

ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಹೇಗಿವೆ ಅಂತ ಎಂಒಟಿಯಲ್ಲಿ ನೋಡುವುದೇ ಇಲ್ಲ. ಅದಕ್ಕೆ ಓಡಿಸಿ ನೋಡಬೇಕು, ಇಲ್ಲವೇ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಬೇಕು. ಕಾರಿನ ಮೇಲೆ ಸಾಲ ಬಾಕಿ ಇದೆಯಾ, ಅಪಘಾತದಲ್ಲಿ ಇನ್ಶೂರೆನ್ಸ್‌ನವರು ಕೈಬಿಟ್ಟಿದ್ದ ಕಾರಾ ಅನ್ನುವುದೂ ಇಲ್ಲಿ ಸಿಗುವುದಿಲ್ಲ, ಅದಕ್ಕೆ ದುಡ್ಡು ಕೊಟ್ಟು ಮಾಡಿಸುವ ಬೇರೆ ಚೆಕ್ ಇದೆ. ಲಾಗ್‌ಬುಕ್‌ನಲ್ಲಿ ಹೆಸರಿದ್ದ ಮಾತ್ರಕ್ಕೆ ಅವರೇ ಮಾಲೀಕರು ಅಂತಲೂ ಅಲ್ಲ.

ವ್ಯಾಪಾರ ಮುಗಿಯಿತು ಅಂತ ಕೀ ತೆಗೆದುಕೊಂಡು ಹೊರಡುವ ಮುಂಚೆ ರೋಡ್ ಟ್ಯಾಕ್ಸ್ ನಿಮ್ಮ ಹೆಸರಿನಲ್ಲಿ ಕಟ್ಟಿ. 2014ರ ಅಕ್ಟೋಬರ್‌ನಿಂದ ಹಳೆ ಮಾಲೀಕರ ಟ್ಯಾಕ್ಸ್ ಕಾರಿನ ಜೊತೆ ಬರುವುದಿಲ್ಲ. ಇನ್ಶೂರೆನ್ಸ್ ಕೂಡ ಅಷ್ಟರೊಳಗೆ ಆಗಿರಬೇಕು. ಗವ್ ಡಾಟ್ ಯುಕೆಯಲ್ಲೇ ಎಂಒಟಿ ರಿಮೈಂಡರ್‌ಗೆ ಫೋನ್ ನಂಬರ್ ಕೊಟ್ಟಿಟ್ಟರೆ ಮುಗಿಯುವ ಒಂದು ತಿಂಗಳ ಮುಂಚೆ ಮೆಸೇಜ್ ಬರುತ್ತದೆ, ಅದಕ್ಕೂ ದುಡ್ಡಿಲ್ಲ.