ಟರ್ಬೋ ಹೋಗಿರಲಿಲ್ಲ, ಪೈಪು ಸೀಳಿತ್ತು: ಮನೆಯಲ್ಲೇ ಪುಂಟೋ ರಿಪೇರಿ, ನನ್ನ ಅನುಭವ

ಚಾಮುಂಡಿ ಬೆಟ್ಟದ ರಸ್ತೆಯನ್ನು ಮೂರನೇ ಗೇರಿನಲ್ಲೇ ಸಲೀಸಾಗಿ ಹತ್ತುತ್ತಿದ್ದ ಕಾರು ಒಂದು ಬೆಳಿಗ್ಗೆ ಎರಡನೇ ಗೇರು ಕೇಳಿತು. ಆಕ್ಸಿಲರೇಟರ್ ಪೂರ್ತಿ ತುಳಿದರೂ ಎಳೆತ ಇಲ್ಲ. ಬಾನೆಟ್ ಒಳಗಿಂದ ಸುಂಯ್ ಅಂತ ಸಣ್ಣ ಸದ್ದು. ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹತ್ತಿರಲಿಲ್ಲ.

ಕಾರು ಫಿಯಟ್ ಕಂಪನಿಯ ಅಬಾರ್ತ್ ಪುಂಟೋ. ಈ ಮಾಡೆಲ್ ಭಾರತದ ಮಾರುಕಟ್ಟೆಗೆ ಬಂದದ್ದು 2015ರ ಅಕ್ಟೋಬರಿನಲ್ಲಿ, ಆಗ ದೆಹಲಿ ಎಕ್ಸ್-ಶೋರೂಂ ಬೆಲೆ 9.95 ಲಕ್ಷ. 1,368 ಸಿಸಿಯ ಟಿ-ಜೆಟ್ ಟರ್ಬೋ ಪೆಟ್ರೋಲ್ ಎಂಜಿನ್ (ಟರ್ಬೋ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಭಾಗ), 145 ಪಿಎಸ್ ಶಕ್ತಿ, 212 ಎನ್‌ಎಂ ಟಾರ್ಕ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ನನ್ನದು 2016ರ ಗಾಡಿ. 2021ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಕುವೆಂಪುನಗರದ ನಮ್ಮ ಮನೆಯ ಪೋರ್ಟಿಕೋನೇ ಅದಕ್ಕೆ ಗ್ಯಾರೇಜು.

ತೋರಿಸಿದ ಮೊದಲ ಗ್ಯಾರೇಜಿನವರು ಎರಡು ನಿಮಿಷ ಕಿವಿಗೊಟ್ಟು ಕೇಳಿ, "ಟರ್ಬೋ ಹೋಗಿದೆ ಸಾರ್, ಹೊಸದೇ ತರಿಸಬೇಕು" ಅಂದರು. ಹೇಳಿದ ಮೊತ್ತ ನನ್ನ ಎರಡು ತಿಂಗಳ ಸಂಬಳಕ್ಕೂ ಜಾಸ್ತಿ. ಇನ್ನೊಬ್ಬರು ಫ್ಯೂಯೆಲ್ ಪಂಪ್ ಅಂದರು. ಇಬ್ಬರೂ ಒಂದು ಪೈಪನ್ನೂ ಬಿಚ್ಚಿ ನೋಡಿರಲಿಲ್ಲ. ಅಲ್ಲಿವರೆಗೆ ನಾನು ಮನೆಯಲ್ಲಿ ಆಯಿಲ್ ಚೇಂಜ್, ಏರ್ ಫಿಲ್ಟರ್, ಪ್ಲಗ್ ಇಷ್ಟೇ ಮಾಡಿದ್ದೆ. ಈ ಸಲ ನಾನೇ ಹುಡುಕೋಣ ಅಂತ ತೀರ್ಮಾನ ಮಾಡಿದೆ.

ಮೊದಲು ಟರ್ಬೋ. ಏರ್ ಫಿಲ್ಟರ್‌ನಿಂದ ಟರ್ಬೋಗೆ ಹೋಗುವ ಪೈಪು ಬಿಚ್ಚಿದರೆ ಒಳಗೆ ಸಣ್ಣ ಫ್ಯಾನ್ ಥರದ ಚಕ್ರ ಸಿಗುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಅದನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಬೇಕು. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇದ್ದರೆ ಭಯ ಬೇಡ. ಒಳಗೆ ಹೊರಗೆ ಆಟ ಇರಬಾರದು. ರೆಕ್ಕೆಯ ತುದಿ ಗೋಡೆಗೆ ಉಜ್ಜಿದ ಗುರುತೂ ಇರಬಾರದು. ನನ್ನದರಲ್ಲಿ ಎರಡೂ ಇರಲಿಲ್ಲ. ಟರ್ಬೋ ಚೆನ್ನಾಗೇ ಇತ್ತು.

ಆಮೇಲೆ ಓಬಿಡಿ ರೀಡರ್. ಕೆಲವು ನೂರು ರೂಪಾಯಿಗೆ ಸಿಗುವ ಸಣ್ಣ ಡಬ್ಬಿ, ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿದರೆ ಕಾರಿನ ಸೆನ್ಸರುಗಳ ಲೆಕ್ಕವನ್ನು ಮೊಬೈಲಿಗೆ ಕೊಡುತ್ತದೆ. ಅದರಲ್ಲಿ ಮ್ಯಾನಿಫೋಲ್ಡ್ ಪ್ರೆಶರ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ, ಅಂತ ಒಂದು ಅಂಕಿ ಇರುತ್ತದೆ. ಎಂಜಿನ್ ನಿಂತಿರುವಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದಾಗ ನನಗೆ 92 ಬಂತು. ಸೆನ್ಸರ್ ಕೆಟ್ಟಿದೆ ಅಂದುಕೊಂಡೆ, ಯಾಕಂದ್ರೆ ಎಲ್ಲ ಕಡೆ 101 ಅಂತ ಓದಿದ್ದೆ. 101 ಕಿಲೋಪಾಸ್ಕಲ್ ಸಮುದ್ರ ಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ 92 ಬರಬೇಕು. ಬೆಟ್ಟದ ಮೇಲೆ ಹೋಗಿ ನೋಡಿದರೆ 89. ಸೆನ್ಸರ್ ಸರಿಯಾಗಿದೆ ಅಂತ ಇದರಿಂದಲೇ ಗೊತ್ತಾಯಿತು. ಇಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ, ಟರ್ಬೋ ಕಾರು ಇರುವ ಎಲ್ಲರೂ ಒಮ್ಮೆ ಮಾಡಿ ನೋಡಿ.

ಸೆನ್ಸರ್ ಸರಿ, ಟರ್ಬೋ ಸರಿ. ಹಾಗಾದ್ರೆ ಟರ್ಬೋ ಒತ್ತಿ ಕಳಿಸಿದ ಗಾಳಿ ದಾರಿಯಲ್ಲೇ ಎಲ್ಲೋ ಸೋರುತ್ತಿರಬೇಕು ಅಲ್ವಾ?

ನಲ್ಲಿ ಸಾಮಾನಿನ ಅಂಗಡಿಯಲ್ಲಿ ಒಂದು ಪಿವಿಸಿ ಎಂಡ್ ಕ್ಯಾಪ್ ತಂದೆ. ಪಂಕ್ಚರ್ ಅಂಗಡಿಯವರು ಟ್ಯೂಬ್‌ಲೆಸ್ ಟೈರಿನ ಹೊಸ ವಾಲ್ವ್ ಒಂದನ್ನು ಕೊಟ್ಟರು, ಕಾಸು ಬೇಡ ಅಂದರು. ಕ್ಯಾಪಿಗೆ ತೂತು ಕೊರೆದು ವಾಲ್ವ್ ಕೂರಿಸಿ, ಟರ್ಬೋಗೆ ಗಾಳಿ ಹೋಗುವ ಪೈಪಿನ ಬಾಯಿಗೆ ಕ್ಲಿಪ್ ಹಾಕಿ ಬಿಗಿದೆ. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆ. 10 ಪಿಎಸ್‌ಐ ಸಾಕು, ಅದಕ್ಕಿಂತ ಜಾಸ್ತಿ ಹೊಡೆದರೆ ಸೀಲುಗಳು ಕಿತ್ತು ಬರಬಹುದು. ಕ್ಯಾಪ್ ಹಾರಿದರೆ ಮುಖಕ್ಕೆ ಬಡಿಯುತ್ತದೆ, ಅದರ ನೇರಕ್ಕೆ ನಿಲ್ಲಬೇಡಿ. ಡಿಪ್‌ಸ್ಟಿಕ್ ಕಡೆಯಿಂದ ಸ್ವಲ್ಪ ಗಾಳಿ ಬಂದ ಹಾಗೆ ಕೇಳಿಸುತ್ತದೆ. ಎಂಜಿನ್ ಒಳಗೆ ಹೋದ ಗಾಳಿ ಅದು, ಅದನ್ನು ಸೋರಿಕೆ ಅಂದುಕೊಳ್ಳಬೇಡಿ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಪ್ರತಿ ಜೋಡಣೆಗೂ ಹೊಡೆಯುತ್ತಾ ಹೋದೆ.

ಟರ್ಬೋ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ನಿಂದ, ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್‌ಗೆ ಬರುವ ರಬ್ಬರ್ ಪೈಪಿನ ಕೆಳಮೈಯಲ್ಲಿ, ಕ್ಲಿಪ್ಪಿನ ಪಕ್ಕದಲ್ಲೇ, ನೊರೆ ಉಕ್ಕಿ ಬಂತು. ಕೈ ಹಾಕಿ ನೋಡಿದರೆ ಅಲ್ಲಿ ಎಣ್ಣೆ ಮಿಶ್ರಿತ ಕಪ್ಪು ಧೂಳು ಅಂಟಿತ್ತು. ಟರ್ಬೋ ಪೈಪಿನಲ್ಲಿ ಎಣ್ಣೆಯ ಆವಿ ಸ್ವಲ್ಪ ಇದ್ದೇ ಇರುತ್ತದೆ, ಸೀಳು ಇದ್ದ ಕಡೆ ಅದು ಹೊರಗೆ ಬಂದು ಧೂಳು ಹಿಡಿಯುತ್ತದೆ. ಪೈಪು ಬಿಚ್ಚಿ ಮಡಿಸಿದಾಗ ಎರಡು ಇಂಚಿನ ಸೀಳು ಬಾಯಿ ಬಿಟ್ಟಿತು. ಕೈ ಬಿಟ್ಟರೆ ಮುಚ್ಚಿಕೊಂಡು ಹೊಸದರ ಹಾಗೆ ಕಾಣುತ್ತದೆ. ಹಳೇ ರಬ್ಬರು, ಬಿಸಿಗೆ ಒಣಗಿತ್ತು ಅಷ್ಟೆ.

ಅಂಥದೇ ಪೈಪು ಮೈಸೂರಿನಲ್ಲಿ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಳ ಅಳತೆ ಹೊಂದುವ, ಒಳಗೆ ಬಟ್ಟೆಯ ಪದರ ಇರುವ ಸಿಲಿಕಾನ್ ಪೈಪು ಸಿಕ್ಕಿತು. ಅಳತೆಗೆ ಹಳೇ ಪೈಪನ್ನೇ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗಿದ್ದೆ. ಎರಡು ಒಳ್ಳೆಯ ಕ್ಲಿಪ್ ಸೇರಿ ಎರಡು ಸಾವಿರ ರೂಪಾಯಿಯೊಳಗೆ ಮುಗಿಯಿತು. ಮಾರನೇ ದಿನ ಬೆಳಿಗ್ಗೆ ಅದೇ ಬೆಟ್ಟದ ರಸ್ತೆ, ಅದೇ ತಿರುವು, ಮೂರನೇ ಗೇರು. ಸೀಟು ಬೆನ್ನಿಗೆ ಒತ್ತಿತು. ಆ ಸಂತೋಷ ಹೇಳೋಕೆ ಬರಲ್ಲ.

ಅವತ್ತಿನಿಂದ ಒಂದು ಪುಸ್ತಕ ಇಟ್ಟಿದ್ದೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡುವ ಮೊದಲು ಅಳತೆ, ಮಾಡಿದ ಮೇಲೆ ಅಳತೆ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಇನ್ನು ರೀಮ್ಯಾಪ್ ವಿಚಾರ. ಟರ್ಬೋ ಕಾರು ಅಂದ ತಕ್ಷಣ ಎಲ್ಲರೂ ಕೇಳುವುದು ಅದನ್ನೇ. ಎಂಜಿನ್ನಿನ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಬದಲಿಸಿದರೆ ಶಕ್ತಿ ಹೆಚ್ಚುತ್ತದೆ, ನಿಜ. ನಾನು ಮಾಡಿಸಲಿಲ್ಲ, ಮಾಡಿಸುವುದೂ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಸ್ಪಷ್ಟ ಮಾಡಿತು. ನಾಳೆ ಅಪಘಾತ ಆದರೆ ಇನ್ಶೂರೆನ್ಸ್ ಕೈಬಿಡುವ ಅಪಾಯ ಇದೆ. ಸೈಲೆನ್ಸರ್ ಬದಲಿಸಿ ಇಡೀ ಬೀದಿಯ ಮಕ್ಕಳ ನಿದ್ದೆ ಕೆಡಿಸುವುದೂ ನನಗೆ ಇಷ್ಟ ಇಲ್ಲ. ಅದಕ್ಕಿಂತ ಮುಖ್ಯ ಕಾರಣ ಬೇರೆ. ಹತ್ತು ವರ್ಷ ಹಳೇ ಕಾರು 145 ಪಿಎಸ್ಸನ್ನೂ ಪೂರ್ತಿ ಕೊಡುತ್ತಿರುವುದಿಲ್ಲ. ಮೊದಲು ಅದನ್ನು ವಾಪಸ್ ತರಬೇಕು. ನಾನು ಮಾಡಿದ್ದೆಲ್ಲ ಅದೇ ಕೆಲಸ.

ಅದರಲ್ಲಿ ದೊಡ್ಡ ಪಾಲು ಬ್ರೇಕಿಗೆ ಹೋಯಿತು. ಬೆಟ್ಟ ಇಳಿಯುವಾಗ ಕೊನೆಯ ತಿರುವುಗಳಲ್ಲಿ ಪೆಡಲ್ ಮೆತ್ತಗಾಗುತ್ತಿತ್ತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಗುಣಮಟ್ಟದ ಪ್ರಕಾರ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿ, ಆವಿ ಇದ್ದ ಕಡೆ ಪೆಡಲ್ ಒತ್ತಿದರೂ ಒತ್ತಡ ಚಕ್ರಕ್ಕೆ ಹೋಗುವುದಿಲ್ಲ. ನಮ್ಮ ಕಾರಿನಿಂದ ಬಂದ ಆಯಿಲ್ ಡಿಕಾಕ್ಷನ್ ಬಣ್ಣಕ್ಕಿತ್ತು. ಹೊಸದು ತಿಳಿ ಜೇನಿನ ಬಣ್ಣ.

ಆಯಿಲ್ ಬದಲಿಸುವ ಈ ಕೆಲಸಕ್ಕೆ ಇಬ್ಬರು ಬೇಕು. ಅಮ್ಮ ಬಂದು ಡ್ರೈವರ್ ಸೀಟಿನಲ್ಲಿ ಕೂತರು.

"ಒತ್ತಮ್ಮ."

"ಒತ್ತಿದ್ದೀನಿ ಕಣೋ."

"ಹಾಗೇ ಹಿಡ್ಕೋ. ನಾನು ಹೇಳೋವರೆಗೂ ಬಿಡಬೇಡ."

ಅವರು ಬ್ರೇಕ್ ಪೆಡಲ್ ಒತ್ತಿ ಹಿಡಿದಾಗ ನಾನು ಚಕ್ರದ ಹತ್ತಿರ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲ ಮಾಡುತ್ತಿದ್ದೆ. ಪಾರದರ್ಶಕ ಟ್ಯೂಬಿನಲ್ಲಿ ಹಳೇ ಆಯಿಲ್ ಗುಳ್ಳೆಗಳ ಜೊತೆ ಬಾಟಲಿಗೆ ಇಳಿಯುತ್ತಿತ್ತು. ನಿಪ್ಪಲ್ ಬಿಗಿದ ಮೇಲೆಯೇ ಪೆಡಲ್ ಬಿಡಬೇಕು, ಇಲ್ಲದಿದ್ದರೆ ಗಾಳಿ ಒಳಗೆ ಎಳೆಯುತ್ತದೆ. ದೂರದ ಚಕ್ರದಿಂದ ಶುರು ಮಾಡಿ ಹತ್ತಿರಕ್ಕೆ ಬಂದೆವು. ಮೇಲಿನ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳುತ್ತಿರಬೇಕು. ಬಣ್ಣದ ಮೇಲೆ ಒಂದು ಹನಿ ಬಿದ್ದರೂ ತಕ್ಷಣ ನೀರು ಹಾಕಿ ತೊಳೆಯಬೇಕು, ಪೇಂಟ್ ಸುಲಿಯುತ್ತದೆ. ನಾಲ್ಕನೇ ಚಕ್ರಕ್ಕೆ ಬರುವಷ್ಟರಲ್ಲಿ ಅಮ್ಮನೇ, "ಈಗ ಗಟ್ಟಿಯಾಯ್ತು ನೋಡೋ, ಮೊದಲು ಬೆಣ್ಣೆ ಥರ ಇತ್ತು" ಅಂದರು. ಯಾವ ಮೀಟರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಈಗ ಎರಡು ವರ್ಷಕ್ಕೊಮ್ಮೆ ಇದು ನಮ್ಮಿಬ್ಬರ ಕೆಲಸ.

ಹಿಂದಿನ ಪ್ಯಾಡ್ ಬದಲಿಸುವಾಗ ಒಂದು ತಪ್ಪು ಮಾಡಿದೆ. ಮುಂದಿನ ಕ್ಯಾಲಿಪರಿನ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗೆ ಹೋಗುತ್ತದೆ. ಹಿಂದೆಯೂ ಹಾಗೇ ಒತ್ತಿದೆ, ಕದಲಲಿಲ್ಲ. ಇನ್ನೂ ಜೋರು ಹಾಕಿದ್ದರೆ ಮುರಿಯುತ್ತಿತ್ತು. ಹ್ಯಾಂಡ್ ಬ್ರೇಕ್ ಇರುವ ಕ್ಯಾಲಿಪರಿನ ಪಿಸ್ಟನ್ನು ತಿರುಗಿಸುತ್ತಾ ಒಳಗೆ ಕಳಿಸಬೇಕು. ಅದಕ್ಕೆಂದೇ ಒಂದು ಟೂಲ್ ಸಿಗುತ್ತದೆ.

ಜಾಕಿ ಇರುವುದು ಎತ್ತೋಕೆ, ಹಿಡಿದು ನಿಲ್ಲಿಸೋಕೆ ಅಲ್ಲ. ಬರೀ ಜಾಕಿ ನಂಬಿ ಕಾರಿನ ಕೆಳಗೆ ಒಂದು ಕೈ ಕೂಡ ಹಾಕಬೇಡಿ. ನಾಲ್ಕು ಸ್ಟ್ಯಾಂಡ್, ಎರಡು ಮರದ ಅಡ್ಡೆ ಮೊದಲು ತಗೊಳ್ಳಿ, ಆಮೇಲೆ ಉಳಿದ ಪಾನಾ ಸೆಟ್ಟು. ನಮ್ಮ ಪೋರ್ಟಿಕೋಗೆ ಟೈಲ್ಸ್ ಹಾಕಿದೆ, ಸ್ಟ್ಯಾಂಡಿನ ಕಾಲು ಜಾರುತ್ತದೆ. ಅದಕ್ಕೆ ಕೆಳಗೆ ದಪ್ಪ ಪ್ಲೈವುಡ್ ಹಾಕುತ್ತೇನೆ.

ನನಗೆ ಅತಿ ಹೆಚ್ಚು ಕಲಿಸಿದ್ದು ಮುಂದಿನ ಲೋಯರ್ ಆರ್ಮ್ ಬುಷ್, ಅಂದರೆ ಚಕ್ರವನ್ನು ಕಾರಿನ ಅಡಿಗೆ ಸೇರಿಸುವ ತೋಳಿನ ರಬ್ಬರ್ ಜೋಡಣೆ. ನಮ್ಮೂರಲ್ಲಿ ಹಂಪು ಎಷ್ಟಿವೆ ಅಂತ ಎಲ್ಲರಿಗೂ ಗೊತ್ತು. ಈ ಕಾರಿನ ಹೊಟ್ಟೆಗೂ ನೆಲಕ್ಕೂ ಇರುವುದು 155 ಮಿ.ಮೀ. ಅಂತರ. ಹಂಪು ದಾಟುವಾಗಲೆಲ್ಲ ಮುಂದೆ ಟಕ್ ಟಕ್ ಸದ್ದು. ಒಂದು ಗ್ಯಾರೇಜಿನಲ್ಲಿ ಬುಷ್ ಬದಲಿಸಿಕೊಂಡು ಬಂದೆ, ನಾಲ್ಕು ತಿಂಗಳಿಗೆ ಸದ್ದು ವಾಪಸ್. ಬಿಚ್ಚಿ ನೋಡಿದರೆ ಹೊಸ ರಬ್ಬರು ಒಂದೇ ದಿಕ್ಕಿಗೆ ಹರಿದಿತ್ತು. ಕಾರಣ ಇಷ್ಟೆ: ಕಾರು ಮೇಲೆತ್ತಿ ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟು ಬಿಗಿದಿದ್ದಾರೆ. ಕೆಳಗಿಳಿಸಿದ ಕೂಡಲೇ ಆರ್ಮ್ ಮೇಲೇರುತ್ತದೆ, ರಬ್ಬರು ತಿರುಚಿದ ಸ್ಥಿತಿಯಲ್ಲೇ ಉಳಿಯುತ್ತದೆ. ಸುಮ್ನೆ ನಿಂತಿದ್ದರೂ ಅದು ಎಳೆದಾಡುತ್ತಲೇ ಇರುತ್ತದೆ, ಹರಿಯದೆ ಇನ್ನೇನು ಮಾಡುತ್ತದೆ?

ಎರಡನೇ ಸಲ ಆರ್ಮನ್ನು ಮನೆಯಲ್ಲೇ ಬಿಚ್ಚಿದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಲೇತ್ ಶಾಪಿನಲ್ಲಿ ಹಳೇ ಬುಷ್ ಒತ್ತಿ ತೆಗೆದು ಹೊಸದು ಕೂರಿಸಿದರು. ವಾಪಸ್ ಹಾಕುವಾಗ ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ, ಚಕ್ರ ಹಾಕಿ, ಕಾರನ್ನು ಹಲಗೆ ಜೋಡಿಸಿದ ಮೆಟ್ಟಿಲಿನ ಮೇಲೆ ಹತ್ತಿಸಿ, ಪೂರ್ತಿ ಭಾರ ಚಕ್ರದ ಮೇಲಿರುವಾಗ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಆಮೇಲೆ ವೀಲ್ ಅಲೈನ್‌ಮೆಂಟ್. ಒಂದೂವರೆ ವರ್ಷ ಆಯಿತು, ಅದು ಇವತ್ತಿಗೂ ಗಟ್ಟಿಯಾಗಿದೆ.

ಟೈರು ಅದೇ ಕಂಪನಿ ಅಳತೆ, 195/55 ಆರ್ 16. ಅಗಲದ್ದು ಹಾಕು ಅಂತ ತುಂಬಾ ಜನ ಹೇಳಿದರು. ನಾನು ಅಳತೆ ಬದಲಿಸದೆ ಒಳ್ಳೆಯ ಹಿಡಿತದ, ಹೊಸ ತಾರೀಖಿನ ಟೈರು ಆರಿಸಿದೆ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ಅದನ್ನು ನೋಡದೆ ದುಡ್ಡು ಕೊಡಬೇಡಿ.

ಎಂಜಿನ್ ಆಯಿಲ್ ವಿಷಯ ಚಿಕ್ಕದು. ಫುಲ್ ಸಿಂಥೆಟಿಕ್ 5ಡಬ್ಲ್ಯು-40, 7,500 ಕಿ.ಮೀ.ಗೆ ಬದಲು. ಟರ್ಬೋ ಚಕ್ರ ತಿರುಗುವುದು ಈ ಎಣ್ಣೆಯ ಪದರದ ಮೇಲೆ, ಅಲ್ಲಿ ಉಳಿತಾಯ ಬೇಡ. ಹಳೇ ಫಿಲ್ಟರನ್ನು ಆಕ್ಸಾ ಬ್ಲೇಡಿನಲ್ಲಿ ಕೊಯ್ದು ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯುತ್ತೇನೆ. ಲೋಹದ ಮಿನುಗು ಕಂಡರೆ ಎಚ್ಚರಿಕೆ. ತೆಗೆದ ಎಣ್ಣೆ ಮೋರಿಗೆ ಸುರಿಯಬೇಡಿ, ಕ್ಯಾನಿಗೆ ತುಂಬಿ ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ. ಬಿರುಸಾಗಿ ಓಡಿಸಿ ಬಂದ ಮೇಲೆ ಒಂದು ನಿಮಿಷ ಐಡ್ಲಿಂಗ್ ಬಿಟ್ಟೇ ಆಫ್ ಮಾಡುತ್ತೇನೆ.

ಇಂಟರ್‌ಕೂಲರ್ ವಿಷಯ ನಮ್ಮ ಕಡೆಯವರಿಗೆ ಹೇಳಲೇಬೇಕು. ಮಂಡ್ಯ, ಶ್ರೀರಂಗಪಟ್ಟಣದ ನಡುವೆ ಗದ್ದೆ, ಕಬ್ಬಿನ ಬಯಲು. ಸಂಜೆ ಹೊತ್ತು ಆ ದಾರಿಯಲ್ಲಿ ಬಂದರೆ ಮುಂಭಾಗದ ಜಾಲರಿ ಪೂರ್ತಿ ಹುಳ. ಅವು ಇಂಟರ್‌ಕೂಲರಿನ ತೆಳು ಪಟ್ಟಿಗಳ ಮಧ್ಯೆ ಒಣಗಿ ಕೂತರೆ ಗಾಳಿ ಹೋಗಲ್ಲ, ಟರ್ಬೋ ಗಾಳಿ ತಣ್ಣಗಾಗಲ್ಲ, ಬೇಸಿಗೆಯಲ್ಲಿ ಎಳೆತ ಕಮ್ಮಿ. ಸೋಪಿನ ನೀರಲ್ಲಿ ನೆನೆಸಿ ತೋಟದ ಪೈಪಿನಲ್ಲಿ ಮೆಲ್ಲಗೆ ತೊಳೆಯುತ್ತೇನೆ. ಪ್ರೆಶರ್ ವಾಷರ್ ಹಿಡಿದರೆ ಪಟ್ಟಿಗಳು ಮಡಿಸಿಹೋಗುತ್ತವೆ.

ಟೈಮಿಂಗ್ ಬೆಲ್ಟ್ ಮಾತ್ರ ನಾನು ಮುಟ್ಟುವುದಿಲ್ಲ. ಈ ಎಂಜಿನ್ ಬಿಚ್ಚಿ ಕೈ ಪಳಗಿದ ಹಿರಿಯ ಮೆಕ್ಯಾನಿಕ್ ಒಬ್ಬರು ಬನ್ನಿಮಂಟಪದ ಕಡೆ ಇದ್ದಾರೆ. ವಾಟರ್ ಪಂಪ್ ಸಮೇತ ಅವರೇ ಹಾಕಿದರು. ಪಕ್ಕದಲ್ಲಿ ನಿಂತು ನೋಡಲು ಬಿಟ್ಟರು, ಅದಕ್ಕೆ ನಾನು ಋಣಿ.

ಕಳೆದ ವಾರದಿಂದ ಗೇಟಿನಿಂದ ಹೊರಗೆ ಎಡಕ್ಕೆ ತಿರುಗಿಸುವಾಗ ಒಂದು ಸಣ್ಣ ಕಟ್ ಸದ್ದು ಬರುತ್ತಿದೆ. ಬಲಕ್ಕೆ ತಿರುಗಿಸಿದರೆ ಇಲ್ಲ. ಪುಸ್ತಕದಲ್ಲಿ ಬರೆದಿದ್ದೇನೆ. ಲಿಂಕ್ ರಾಡ್ ಮೇಲೆ ಅನುಮಾನ, ಆಮೇಲೆ ಸ್ಟ್ರಟ್ ಮೇಲಿನ ಬೇರಿಂಗ್. ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲು ಎತ್ತಿ ನೋಡಬೇಕು.